ಎಲ್‌ಡಿಎಲ್ ನಾರ್ಮಲ್ ಅಂದ್ರೆ ನಿಶ್ಚಿಂತೆಯಾಗಿ ಇರಬಹುದಾ?

ಭಾನುವಾರ ದೇವರಾಯನದುರ್ಗಕ್ಕೆ ಹೋದವರಿಗೆ ಒಂದು ವಿಷಯ ಗೊತ್ತಿರುತ್ತೆ. ಘಾಟಿ ರಸ್ತೆ ಕಟ್ಟಿಕೊಳ್ಳೋದು ಬಂದ ಜನರ ಲೆಕ್ಕದಿಂದಲ್ಲ, ಗಾಡಿಗಳ ಲೆಕ್ಕದಿಂದ. ಐವತ್ತು ಜನ ಒಂದೇ ಬಸ್ಸಲ್ಲಿ ಬಂದರೆ ತಿರುವುಗಳಲ್ಲಿ ಯಾರಿಗೂ ತೊಂದರೆಯಿಲ್ಲ. ಅದೇ ಐವತ್ತು ಜನ ಇಪ್ಪತ್ತೈದು ಕಾರು ತಂದರೆ ಯೋಗನರಸಿಂಹನ ದರ್ಶನ ಮಧ್ಯಾಹ್ನದ ಮೇಲೇ. ನಮ್ಮ ರಕ್ತನಾಳದ ಕಥೆಯೂ ಹೆಚ್ಚುಕಡಿಮೆ ಇದೇ. ಆದರೆ ನಾವು ದುಡ್ಡು ಕೊಟ್ಟು ಮಾಡಿಸೋ ಕೊಲೆಸ್ಟ್ರಾಲ್ ಪರೀಕ್ಷೆ ಎಣಿಸೋದು ಜನರನ್ನ, ಗಾಡಿಗಳನ್ನಲ್ಲ.

ನಾನು ತುಮಕೂರಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಪರಿಚಯದವರು ಲ್ಯಾಬ್ ರಿಪೋರ್ಟ್ ಹಿಡಿದು ಬಂದು, "ಮೇಷ್ಟ್ರೇ, ಎಲ್‌ಡಿಎಲ್ 110 ಐತೆ, ಏನೂ ಭಯ ಇಲ್ಲ ಅಲ್ವಾ?" ಅಂತ ಕೇಳೋದು ಮಾಮೂಲು. ನಾನು ಡಾಕ್ಟರಲ್ಲ, ಮಾತ್ರೆಯ ವಿಷಯಕ್ಕೆ ಕೈಹಾಕುವುದಿಲ್ಲ. ಆದರೆ ಆ 110 ಏನು ಹೇಳುತ್ತೆ, ಏನನ್ನು ಮುಚ್ಚಿಡುತ್ತೆ ಅನ್ನೋದನ್ನ ವಿವರಿಸಬಲ್ಲೆ.

ಸಾರಿನ ಮೇಲೆ ಎಣ್ಣೆ ತೇಲೋದನ್ನ ನೋಡಿದ್ದೀರಿ. ಕೊಬ್ಬು ನೀರಿನಲ್ಲಿ ಬೆರೆಯಲ್ಲ, ರಕ್ತದಲ್ಲೂ ಅಷ್ಟೇ. ಹಾಗಾಗಿ ಕರುಳು ಮತ್ತು ಯಕೃತ್ತು ಕೊಬ್ಬನ್ನು ಅತಿ ಸಣ್ಣ ಉಂಡೆಗಳಾಗಿ ಕಟ್ಟಿ ಕಳಿಸುತ್ತವೆ. ಆ ಉಂಡೆಯನ್ನು ಹಿಡಿದಿಡುವ, ಎಲ್ಲಿ ಇಳಿಯಬೇಕು ಅಂತ ಗುರುತು ಹೇಳುವ ಪ್ರೋಟೀನುಗಳೇ ಅಪೊಲಿಪೊಪ್ರೋಟೀನುಗಳು. ಇವುಗಳಲ್ಲಿ ನಾವು ಮುಖ್ಯವಾಗಿ ತಿಳಿಯಬೇಕಾದದ್ದು ಅಪೊ-ಬಿ. ಯಕೃತ್ತಿನಿಂದ ಹೊರಟ ವಿಎಲ್‌ಡಿಎಲ್ ಇರಲಿ, ಕೊನೆಗೆ ಅದೇ ಸಣ್ಣದಾಗಿ ಆದ ಎಲ್‌ಡಿಎಲ್ ಇರಲಿ, ಒಂದು ಉಂಡೆಗೆ ಒಂದೇ ಒಂದು ಅಪೊ-ಬಿ. ಗಾಡಿಗೊಬ್ಬ ಡ್ರೈವರ್ ಇದ್ದ ಹಾಗೆ. ಡ್ರೈವರ್‌ಗಳನ್ನು ಎಣಿಸಿದರೆ ಗಾಡಿಗಳ ಲೆಕ್ಕ ಸಿಕ್ಕಿತು. ರಕ್ತನಾಳದ ಗೋಡೆಯೊಳಕ್ಕೆ ನುಗ್ಗಿ ಸಿಕ್ಕಿಹಾಕಿಕೊಂಡು ಬ್ಲಾಕ್ ಬೆಳೆಸೋದು ಈ ಉಂಡೆಗಳೇ. ಗಾಡಿ ಜಾಸ್ತಿಯಾದಷ್ಟೂ ಗೋಡೆಗೆ ಗುದ್ದೋ ಸಂದರ್ಭ ಜಾಸ್ತಿ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗಷ್ಟೇ. ಇಬ್ಬರಿಗೂ ಎಲ್‌ಡಿಎಲ್ 110. ಮೊದಲನೆಯವರಿಗೆ ಟ್ರೈಗ್ಲಿಸರೈಡ್ 100, ಎಚ್‌ಡಿಎಲ್ 50, ಒಟ್ಟು ಕೊಲೆಸ್ಟ್ರಾಲ್ 180. ಎರಡನೆಯವರಿಗೆ ಟ್ರೈಗ್ಲಿಸರೈಡ್ 300, ಎಚ್‌ಡಿಎಲ್ 32, ಒಟ್ಟು 202. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಮೊದಲನೆಯವರದು 130, ಎರಡನೆಯವರದು 170! ಎಲ್‌ಡಿಎಲ್ ಒಂದೇ ಆದರೂ ಎರಡನೆಯವರ ರಕ್ತದಲ್ಲಿ ಅಪೊ-ಬಿ ಹೊತ್ತ ಉಂಡೆಗಳು ಹೆಚ್ಚಿರುವ ಸಾಧ್ಯತೆ ಬಹಳ. ಟ್ರೈಗ್ಲಿಸರೈಡ್ ಏರಿದಾಗ ಎಲ್‌ಡಿಎಲ್ ಉಂಡೆಗಳು ಸಣ್ಣದಾಗುತ್ತವೆ, ಒಂದೊಂದರಲ್ಲಿ ಕೊಲೆಸ್ಟ್ರಾಲ್ ಕಡಿಮೆ, ಸಂಖ್ಯೆ ಮಾತ್ರ ಜಾಸ್ತಿ. ಇನ್ನೊಂದು ಗುಟ್ಟು: ಎಷ್ಟೋ ಲ್ಯಾಬ್‌ಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯೋದೇ ಇಲ್ಲ. 1972ರ ಒಂದು ಸೂತ್ರ ಹಾಕಿ ಲೆಕ್ಕದಲ್ಲಿ ತೆಗೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರ ಕೆಲಸಕ್ಕೆ ಬರಲ್ಲ.

ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ. ಇದು ನಮ್ಮ ದೇಶದವರಲ್ಲಿ ತೀರಾ ಸಾಮಾನ್ಯ. "ಎಣ್ಣೆ ಬಿಟ್ಟಿದ್ದೀನಿ" ಅಂತ ಹೆಮ್ಮೆಯಿಂದ ಹೇಳುತ್ತಲೇ ಕ್ಯಾತ್ಸಂದ್ರದಲ್ಲಿ ಮೂರನೇ ತಟ್ಟೆ ಇಡ್ಲಿಗೆ ಕೈಹಾಕುವವರನ್ನು ನೋಡಿದ್ದೇನೆ. ಹೆಚ್ಚಾದ ಅನ್ನ, ಸಕ್ಕರೆ, ಮದ್ಯವನ್ನ ಯಕೃತ್ತು ಕೊಬ್ಬು ಮಾಡಿ ಅದೇ ಉಂಡೆಗಳಲ್ಲಿ ಕಳಿಸುತ್ತೆ ಅನ್ನೋದು ಅವರಿಗೆ ಯಾರೂ ಹೇಳಿರಲ್ಲ.

ಇದು ಹೊಸ ವಿಷಯವೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. 52 ದೇಶಗಳ ಸುಮಾರು 30,000 ಜನರ ಮಾಹಿತಿ ಅದರಲ್ಲಿತ್ತು. ಹೃದಯಾಘಾತದ ಅತಿ ಬಲವಾದ ಎರಡು ಸೂಚಕಗಳು ಅಂತ ಕಂಡದ್ದು ಧೂಮಪಾನ, ಮತ್ತು ಅಪೊ-ಬಿ ಹಾಗೂ ಎಚ್‌ಡಿಎಲ್‌ನಲ್ಲಿರುವ ಅಪೊ-ಎ1 ನಡುವಿನ ಅನುಪಾತ. 2007ರ ಮುಂದುವರಿದ ವಿಶ್ಲೇಷಣೆಯಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಮಧ್ಯಸ್ಥ ವಯಸ್ಸು 53, ಉಳಿದವರಿಗೆ ಸುಮಾರು 59 ಅಂತ ಬಂತು. ಇಷ್ಟು ವರ್ಷವಾದರೂ ನಮ್ಮ ಮಾಮೂಲಿ ಲಿಪಿಡ್ ಪರೀಕ್ಷೆಗೆ ಅಪೊ-ಬಿ ಸೇರಿಲ್ಲ.

ಇನ್ನೊಂದು ಸಂಗತಿ ವಂಶದ್ದು. "ನಮ್ಮನೇಲಿ ಗಂಡಸರು ಐವತ್ತು ದಾಟಲ್ಲ" ಅನ್ನೋ ಮಾತನ್ನ ಗುಬ್ಬಿ, ಕುಣಿಗಲ್ ಕಡೆ ಸಾವಿನ ಮನೆಗಳಲ್ಲಿ ಕೇಳಿದ್ದೇನೆ. ಹಣೆಬರಹ ಅಂತ ಸುಮ್ಮನಾಗುತ್ತಾರೆ. ಕೆಲವು ಮನೆಗಳಲ್ಲಿ ಆ ಬರಹಕ್ಕೆ ಹೆಸರಿದೆ: ಲಿಪೊಪ್ರೋಟೀನ್-ಎ. ಎಲ್‌ಡಿಎಲ್‌ನ ಅಪೊ-ಬಿಗೆ ಅಪೊ-ಎ ಅನ್ನೋ ಇನ್ನೊಂದು ಪ್ರೋಟೀನ್ ಅಂಟಿಕೊಂಡ ಉಂಡೆ ಇದು (ಎಚ್‌ಡಿಎಲ್‌ನ ಅಪೊ-ಎ1 ಬೇರೆ, ಗೊಂದಲ ಬೇಡ). ಇದರ ಪ್ರಮಾಣವನ್ನ ಬಹುಪಾಲು ನಿರ್ಧರಿಸೋದು ಅಪ್ಪ-ಅಮ್ಮನಿಂದ ಬಂದ ಜೀನು. ಪಥ್ಯ, ವಾಕಿಂಗ್‌ನಿಂದ ಅದು ಹೆಚ್ಚೇನೂ ಇಳಿಯಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಪರೀಕ್ಷಿಸಿ ಅನ್ನುತ್ತೆ, 50 ಮಿಲಿಗ್ರಾಂ ದಾಟಿದರೆ ಎಚ್ಚರ. ಇಳಿಸಲಾಗದಿದ್ದರೆ ತಿಳಿದೇನು ಪ್ರಯೋಜನ ಅಂತ ಕೇಳಬಹುದು. ಪ್ರಯೋಜನ ಇದೆ. ಉಳಿದದ್ದನ್ನ, ಅಂದರೆ ಎಲ್‌ಡಿಎಲ್, ಬಿಪಿ, ಸಕ್ಕರೆ, ಬೀಡಿಯನ್ನ ಮೊದಲೇ ಬಿಗಿಯಾಗಿ ಹಿಡಿಯಬಹುದು. ಅಣ್ಣತಮ್ಮಂದಿರಿಗೆ, ಮಕ್ಕಳಿಗೆ ಹೇಳಬಹುದು.

ಅಪೊ-ಇ ಬಗ್ಗೆ ಒಂದು ಮಾತು. ಇದು ಉಳಿಕೆ ಉಂಡೆಗಳನ್ನು ಯಕೃತ್ತಿಗೆ ವಾಪಸ್ ಸೇರಿಸುತ್ತೆ. ಅದರ ಇ4 ಬಗೆ ಇದ್ದವರಿಗೆ ಅಲ್ಝೈಮರ್ ಮರೆವಿನ ಅಪಾಯ ಹೆಚ್ಚು ಅಂತ 1993ರಲ್ಲಿ ಗೊತ್ತಾಯಿತು. ಅಪಾಯ ಹೆಚ್ಚು ಅಷ್ಟೇ, ಬಂದೇ ಬರುತ್ತೆ ಅಂತಲ್ಲ. ಮುಪ್ಪಿನಲ್ಲಿ ಮಿದುಳು ಹೇಗೆ ಬದಲಾಗುತ್ತೆ ಅನ್ನೋದನ್ನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಕುತೂಹಲಕ್ಕೆ ಅಂತ ಇ4 ಪರೀಕ್ಷೆ ಮಾಡಿಸೋದು ನನ್ನ ಪ್ರಕಾರ ಬೇಡದ ಕೆಲಸ.

2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಇಸಿಜಿ ಸರಿಯಿದೆ ಅಂದಮೇಲೆ ನಿಟ್ಟುಸಿರುಬಿಟ್ಟು ಮನೆಗೆ ಹೋದವರೆಷ್ಟೋ. ಇಸಿಜಿ ಹೇಳೋದು ಆ ಹೊತ್ತಿನ ಹೃದಯದ ಸ್ಥಿತಿ, ಹತ್ತು ವರ್ಷದಿಂದ ಗೋಡೆಯೊಳಗೆ ಸೇರುತ್ತಿರುವುದನ್ನಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ, ಆದರೆ ಅದು ಹೃದಯಾಘಾತ ಆದಮೇಲಿನ ಮಾತು. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರ ಮನೆಯವರಿಗಾದರೂ ಈ ಎರಡು ರಕ್ತ ಪರೀಕ್ಷೆಗಳನ್ನು ಸರ್ಕಾರ ಅದೇ ಆಸ್ಪತ್ರೆಗಳಲ್ಲಿ ಉಚಿತ ಮಾಡಬೇಕು.

ಅಲ್ಲಿಯವರೆಗೆ ಮನೆಯಲ್ಲಿರುವ ಹಳೇ ರಿಪೋರ್ಟ್ ತೆಗೆದು ಆ ಕಳೆಯುವ ಲೆಕ್ಕವನ್ನಾದರೂ ಮಾಡಿ. ಬೇರೇನೂ ತೊಂದರೆ ಇಲ್ಲದವರಿಗೆ ಅದು 130ರ ಒಳಗಿರಬೇಕು, ಈಗಾಗಲೇ ಹೃದಯಾಘಾತ ಆದವರಿಗೆ 85ರ ಒಳಗೆ. ಮೀರಿದ್ದರೆ ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಅಪೊ-ಬಿ ಅಂತ ಹೆಸರು ಹೇಳಿಯೇ ಕೇಳಿ.