ಮಡಚುವ ಚಾಕು: ಲಾಕಿಗಿಂತ ಮೊದಲು ಹಿಡಿ ನೋಡಿರಿ

ಸಂಘದ ಮಾರಾಟ ಮಳಿಗೆಯಲ್ಲಿ ಒಳ್ಳೆಯ ಮಡಚುವ ಚಾಕುಗಳನ್ನು ತರಿಸಿಡಬೇಕೆಂದು ಅನೇಕ ಸದಸ್ಯರು ಕೇಳುತ್ತ ಬಂದಿದ್ದಾರೆ. ಕೇಳಿದವರೆಲ್ಲರ ಎರಡನೆಯ ಪ್ರಶ್ನೆ ಒಂದೇ: “ಲಾಕು ಇದ್ದದ್ದೇ ತರಿಸುತ್ತೀರಲ್ಲ?” ಲಾಕು ಇದ್ದರೆ ಕೈಗೆ ಭಯವಿಲ್ಲ, ಇಲ್ಲದಿದ್ದರೆ ಅಪಾಯ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಇದು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಪ್ರತಿಯೊಬ್ಬರಿಗೂ ಕೌಂಟರಿನಲ್ಲಿ ನಿಂತು ಹೇಳುವುದಕ್ಕಿಂತ ಇಲ್ಲಿಯೇ ವಿವರವಾಗಿ ಬರೆಯುವುದು ಲೇಸೆಂದು ತೋರಿತು.

ಕಡಿಯುವ ಕೆಲಸಕ್ಕೆ ನಮ್ಮಲ್ಲಿ ಕತ್ತಿ ಉಂಟು. ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಬೆಟ್ಟಕ್ಕೆ ಹೋಗುವ ಆ ಕತ್ತಿಯ ಕೆಲಸವನ್ನು ಯಾವ ಚಾಕುವೂ ಮಾಡಲಾರದು, ಮಾಡಿಸಲೂ ಬಾರದು. ಕಿಸೆಯ ಚಾಕುವಿನ ಕೆಲಸ ಬೇರೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವಾಗ ದಾರ ಕತ್ತರಿಸುವುದು, ನೆಲಕ್ಕೆ ಹರಿದ ಮೆಣಸಿನ ಹಂಬು ತೆಗೆಯುವುದು, ಕಾಫಿ ಗಿಡದ ಬುಡದಲ್ಲೆದ್ದ ಎಳೆಯ ಚಿಗುರು ಸವರುವುದು, ನೀರಿನ ಪೈಪಿನ ತುದಿ ಸಮ ಮಾಡುವುದು, ನರ್ಸರಿಯಲ್ಲಿ ಕಸಿ ಕಟ್ಟುವುದು, ಇಂಥವು. ಎಲ್ಲವೂ ಸಣ್ಣ ಕೆಲಸಗಳೇ. ಆದರೆ ಅಣಶಿಯ ಮಳೆಗಾಲದಲ್ಲಿ, ಒದ್ದೆ ಕೈಯಲ್ಲಿ, ಜಾರುವ ಬದುವಿನ ಮೇಲೆ ನಿಂತು ಮಾಡಬೇಕಾದವು ಇವುಗಳಲ್ಲಿ ಬಹಳ.

ಮಡಚುವ ಚಾಕುವಿನಿಂದ ಕೈ ಕೊಯ್ದುಕೊಳ್ಳುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಮೊದಲನೆಯದು, ಕೆಲಸದ ನಡುವೆ ಅಲಗು ತಾನಾಗಿ ಮಡಚಿ ಬೆರಳುಗಳ ಮೇಲೆ ಬೀಳುವುದು. ಎರಡನೆಯದು, ಅಲಗು ನೆಟ್ಟಗೆ ನಿಂತಿದ್ದರೂ ಹಿಡಿ ಜಾರಿ ಕೈ ಮುಂದಕ್ಕೆ ಹೋಗಿ ಅಲಗಿನ ಬಾಯಿಗೆ ಸಿಕ್ಕುವುದು. ಲಾಕು ತಡೆಯುವುದು ಮೊದಲನೆಯದನ್ನು ಮಾತ್ರ. ನಮ್ಮ ಮಳೆ ನಾಡಿನಲ್ಲಿ ಎರಡನೆಯದರ ಭಯವೇ ಹೆಚ್ಚೆಂದು ನನ್ನ ಅಭಿಪ್ರಾಯ. ಅದಕ್ಕೆ ಲಾಕಿನಲ್ಲಿ ಮದ್ದಿಲ್ಲ, ಹಿಡಿಯಲ್ಲಿ ಉಂಟು.

ಎರಡರಲ್ಲಿಯೂ ಪೆಟ್ಟು ಬೀಳುವುದು ಬೆರಳಿನ ಒಳಮೈಗೆ. ಅಲ್ಲಿ ಚರ್ಮದ ಕೆಳಗೆ ಸ್ವಲ್ಪ ಆಳದಲ್ಲಿಯೇ ಬೆರಳನ್ನು ಮಡಚಿಸುವ ಹುರಿ ಇದೆ. ನಾವು ಅದನ್ನು ನರವೆಂದೇ ಕರೆಯುತ್ತೇವೆ. ಅದು ತುಂಡಾದರೆ ಗಾಯ ಮೇಲೆ ಮಾದರೂ ಬೆರಳು ಮಡಚುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಜೋಡಿಸಬೇಕು, ಅದೂ ಬೇಗ ಆಗಬೇಕು. ಅಣಶಿಯಿಂದ ಅಂಥ ಚಿಕಿತ್ಸೆಗೆ ಘಟ್ಟವಿಳಿದು ಕಾರವಾರಕ್ಕೋ, ಜೋಯಿಡಾ ದಾಟಿ ದಾಂಡೇಲಿಗೋ ಅದಕ್ಕೂ ಆಚೆಗೋ ಹೋಗಬೇಕೆಂಬುದನ್ನು ಎಲ್ಲರೂ ಬಲ್ಲರು. ಕೊಯ್ಲಿನ ಕಾಲದಲ್ಲಿ ಬಲಗೈ ತೋರುಬೆರಳು ಹೋದ ಮನೆಯ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಲಾಕುಗಳ ವಿಚಾರ. ಉಳವಿ ಜಾತ್ರೆಯಲ್ಲಿಯೂ ಹಳಿಯಾಳದ ಸಂತೆಯಲ್ಲಿಯೂ ಸಿಕ್ಕುವ ಸಾದಾ ಚಾಕುವಿನಲ್ಲಿ ಲಾಕು ಎಂಬುದೇ ಇಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಕೂತು, ಅಲಗಿನ ಬುಡದ ಚಪ್ಪಟೆ ಭಾಗವನ್ನು ಒತ್ತಿ ಹಿಡಿದಿರುತ್ತದೆ. ಬಿಚ್ಚಿದಾಗ ನಿಲ್ಲುವುದೂ ಮಡಚಿದಾಗ ಕೂರುವುದೂ ಈ ಒತ್ತಡದಿಂದಲೇ. ಅಲಗಿನ ಬೆನ್ನಿನ ಮೇಲೆ ಸ್ಪ್ರಿಂಗಿಗಿಂತ ಹೆಚ್ಚಿನ ಬಲ ಬಿದ್ದರೆ ಮಡಚುತ್ತದೆ. ಇದು ಕೀಳು ಸಾಮಾನೆಂದು ತಿಳಿಯಬಾರದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಹೊರತಂದು ಈಗ ಲೋಕವೆಲ್ಲ ಬಲ್ಲ ಕೆಂಪು ಹಿಡಿಯ ಚಾಕುವಿನ ಸಣ್ಣ ಮಾದರಿಗಳು ಇಂದಿಗೂ ಲಾಕಿಲ್ಲದ ಇದೇ ಜಾತಿಯವು. ಬಾಯಿಯನ್ನು ವಸ್ತುವಿನ ಮೇಲಿಟ್ಟು ತನ್ನ ಕಡೆಗೋ ಕೆಳಕ್ಕೋ ಎಳೆದು ಕತ್ತರಿಸುವಾಗ ಬಲ ಬೀಳುವುದು ಅಲಗನ್ನು ಬಿಚ್ಚುವ ದಿಕ್ಕಿಗೆ. ಆಗ ಚಾಕು ಮಡಚಲು ಕಾರಣವೇ ಇಲ್ಲ. ತೊಂದರೆ ಬರುವುದು ಮೊನೆಯಿಂದ ಚುಚ್ಚುವಾಗ, ಮರದಲ್ಲಿ ಸಿಕ್ಕಿದ ಅಲಗನ್ನು ಅಲ್ಲಾಡಿಸಿ ಕೀಳುವಾಗ, ಅಲಗಿನಿಂದ ಏನನ್ನಾದರೂ ಮೀಟುವಾಗ. ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಕೊರೆಯುವುದಕ್ಕೆ ಈ ಚಾಕುವನ್ನು ಮುಟ್ಟಬಾರದು.

ಎರಡನೆಯದು ಬೆನ್ನಿನ ಲಾಕು. ಇಲ್ಲಿ ಬೆನ್ನಿನ ಪಟ್ಟಿ ನಡುವೆ ಒಂದು ಮೊಳೆಯ ಮೇಲೆ ತಕ್ಕಡಿಯಂತೆ ಆಡುತ್ತದೆ. ಅದರ ತುದಿಯ ಹಲ್ಲು ಅಲಗಿನ ಬುಡದ ಕಚ್ಚಿಗೆ ಕೂತರೆ ಮಡಚಲಾಗದು. ಹಿಡಿಯ ಬೆನ್ನಿನಲ್ಲಿ ತೆರೆದಿರುವ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಲ್ಲು ಏಳುತ್ತದೆ. ಅಮೆರಿಕದ ಬಕ್ ಕಂಪನಿಯ 110 ಎಂಬ ಚಾಕುವಿನಿಂದ 1964ರ ನಂತರ ಈ ಪದ್ಧತಿ ಮನೆಮಾತಾಯಿತು. ಎಡಗೈಯವರಿಗೂ ಬಲಗೈಯವರಿಗೂ ಸಮವಾಗಿ ಒಗ್ಗುತ್ತದೆ, ಬಿಚ್ಚುವಾಗ ಬೆರಳು ಅಲಗಿನ ದಾರಿಯಲ್ಲಿರುವುದಿಲ್ಲ. ದೋಷವೆಂದರೆ ಆ ಕಚ್ಚು. ಕೆಂಪು ಮಣ್ಣು, ಕಿಸೆಯ ಅರಳೆ, ಒಣಗಿದ ಸೊನೆ ಅಲ್ಲಿ ತುಂಬಿಕೊಂಡರೆ ಹಲ್ಲು ಪೂರ್ತಿ ಕೂರದೆ ಕೂತಂತೆ ಕಾಣುತ್ತದೆ. ಇಂಥ ಲಾಕು ಲಾಕಿಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ನಾವು ಅದನ್ನು ನಂಬಿರುತ್ತೇವೆ. ಬಿಚ್ಚುವಾಗ “ಟಕ್” ಎಂಬ ಸ್ಪಷ್ಟ ಸದ್ದು ಬರಬೇಕು. ಮಂಕಾಗಿ ಬಂದರೆ ಬೆಂಕಿಪೆಟ್ಟಿಗೆಯ ಕಡ್ಡಿ ಚೂಪು ಮಾಡಿ ಕಚ್ಚನ್ನು ಕೆರೆಯಬೇಕು.

ಮೂರನೆಯದು ಪಕ್ಕದ ತಗಡಿನ ಲಾಕು. ಹಿಡಿಯೊಳಗಿನ ತೆಳು ತಗಡಿನ ಒಂದು ಸೀಳು ಒಳಕ್ಕೆ ಬಾಗಿ, ಅಲಗು ಬಿಚ್ಚಿದೊಡನೆ ಅದರ ಬುಡದ ಹಿಂದೆ ಬಂದು ನಿಲ್ಲುತ್ತದೆ. ಹಿಂದಿನಿಂದ ವಿದ್ಯುತ್ ಕೆಲಸದವರ ಚಾಕುಗಳಲ್ಲಿದ್ದ ಇದನ್ನು 1980ರ ದಶಕದಲ್ಲಿ ಅಮೆರಿಕದ ಮೈಕೆಲ್ ವಾಕರ್ ಈಗಿನ ರೂಪಕ್ಕೆ ತಂದರು. ಒಂದೇ ಕೈಯಲ್ಲಿ ಬಿಚ್ಚಿ ಮಡಚಬಹುದೆಂದು ಯುವಕರಿಗೆ ಬಲು ಇಷ್ಟ, ಪೇಟೆಯಲ್ಲಿ ಅಗ್ಗದವು ರಾಶಿ ಬಿದ್ದಿವೆ. ನನಗೆ ಇವುಗಳ ಮೇಲೆ ಹೆಚ್ಚು ವಿಶ್ವಾಸವಿಲ್ಲ. ಚೆನ್ನಾಗಿ ಮಾಡಿದ್ದಾದರೆ ಗಟ್ಟಿ, ಅನುಮಾನವಿಲ್ಲ. ಅಗ್ಗದ್ದರಲ್ಲಿ ತಗಡು ಅಲಗಿನ ಬುಡದ ಅಂಚನ್ನು ಮಾತ್ರ ಮುಟ್ಟಿ ನಿಂತಿರುತ್ತದೆ, ಸ್ವಲ್ಪ ತಿರುಚಿದರೆ ಜಾರುತ್ತದೆ. ಬಿಚ್ಚಿ ನೋಡಿದಾಗ ತಗಡು ಬುಡದ ದಪ್ಪದ ಕಾಲು ಭಾಗದಿಂದ ಅರ್ಧದವರೆಗೆ ಒಳಗೆ ಬಂದಿರಬೇಕು. ಸವೆದು ಸವೆದು ಎದುರಿನ ಪಕ್ಕವನ್ನೇ ಮುಟ್ಟಿದ್ದರೆ ಅದರ ಆಯುಷ್ಯ ಮುಗಿಯಿತು. ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲಿಯೇ ಇರುತ್ತದೆ, ಮತ್ತು ಹೆಚ್ಚಿನವನ್ನು ಬಲಗೈಯವರಿಗೆಂದೇ ಮಾಡಿರುತ್ತಾರೆ.

ನಾಲ್ಕನೆಯದು ಬಳೆಯ ಲಾಕು. ಫ್ರಾನ್ಸಿನ ಸವೋಯ್ ಎಂಬ ಬೆಟ್ಟನಾಡಿನಲ್ಲಿ ಜೋಸೆಫ್ ಓಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಮರದ ಹಿಡಿಯ ಚಾಕು ಇದು. ಲಾಕು ಬಂದದ್ದು 1955ರಲ್ಲಿ. ಹಿಡಿಯ ಕೊರಳಿನಲ್ಲಿ ಸೀಳಿರುವ ಒಂದು ಉಕ್ಕಿನ ಬಳೆ. ಅಲಗು ಬಿಚ್ಚಿ ಬಳೆ ತಿರುಗಿಸಿದರೆ ಸೀಳು ಪಕ್ಕಕ್ಕೆ ಹೋಗಿ ಅಲಗಿಗೆ ಹಿಂದೆ ಬರಲು ದಾರಿಯಿಲ್ಲ. ಇಷ್ಟೇ. ಸ್ಪ್ರಿಂಗಿಲ್ಲ, ಹಲ್ಲಿಲ್ಲ, ಲಾಕು ಬಿದ್ದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ತೊಳೆಯುವುದು ಸುಲಭ. ಆದರೆ ತಿರುಗಿಸಲು ಮರೆತರೆ ಲಾಕಿಲ್ಲ. ಇನ್ನೊಂದು ತೊಂದರೆ ನಮ್ಮ ಊರಿನದೇ: ಮಳೆಗಾಲದಲ್ಲಿ ಮರದ ಹಿಡಿ ನೀರು ಕುಡಿದು ಉಬ್ಬಿ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆ ನಾಡಿನವರೂ ಇದನ್ನು ಬಲ್ಲರು. ಬಳೆ ಬಿಡಿಸಿ, ಹಿಡಿಯ ಹಿಂಬದಿಯನ್ನು ಮರದ ಹಲಗೆಗೆ ಕುಟ್ಟಿ ಅಲಗನ್ನು ಹೊರಗೆ ತಟ್ಟುವುದು ಅವರ ಉಪಾಯ. ಹೊಸ ಚಾಕು ತಂದೊಡನೆ ಹಿಡಿಯ ಸೀಳಿಗೆ ಅಗಸೆ ಎಣ್ಣೆ ಕುಡಿಸಿ ನಾಲ್ಕಾರು ದಿನ ಒಣಗಿಸಿದರೆ ಉಬ್ಬುವುದು ಕಡಿಮೆಯಾಗುತ್ತದೆ.

ಗುಂಡಿ ಒತ್ತಿದರೆ ತಾನಾಗಿ ಹಾರಿ ಬಿಚ್ಚುವ ಚಾಕುಗಳನ್ನೂ, ಹಿಂದಿ ಸಿನಿಮಾಗಳು ಪ್ರಸಿದ್ಧಿ ಮಾಡಿದ ರಾಮಪುರಿ ಮಾದರಿಯವನ್ನೂ ಕೇಳಿದವರಿದ್ದಾರೆ. ತೋಟದಲ್ಲಿ ಅವುಗಳಿಗೆ ಏನು ಕೆಲಸವೆಂದು ನನಗೆ ತಿಳಿಯದು. ಸಂಘ ಅವನ್ನು ತರಿಸುವುದಿಲ್ಲ.

ಯಾವ ಲಾಕನ್ನೇ ಆಗಲಿ ಕೊಳ್ಳುವಾಗ ಪರೀಕ್ಷಿಸುವ ಕ್ರಮ ಒಂದೇ. ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ಹೊರಗಿಟ್ಟು ಹಿಡಿಯನ್ನು ಎರಡು ಪಕ್ಕಗಳಿಂದ ಒತ್ತಿ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲನೆ ಒತ್ತಬೇಕು. ಬಡಿಯಬಾರದು, ಬಡಿದರೆ ಒಳ್ಳೆಯ ಲಾಕೂ ಕೆಡುತ್ತದೆ. ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಮೊಳೆಯಲ್ಲಿ ಸಡಿಲು ಇರಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಿಡಿ ಕೈಯಲ್ಲಿ ಹೇಗೆ ಕೂರುತ್ತದೆ? ಮುಷ್ಟಿ ಹಿಡಿದಾಗ ನಾಲ್ಕು ಬೆರಳೂ ಹಿಡಿಯ ಮೇಲೆ ಬಂದು, ಕಿರುಬೆರಳಿನ ಹಿಂದೆ ಸ್ವಲ್ಪ ಹಿಡಿ ಉಳಿಯಬೇಕು. ಸಾಧಾರಣ ಗಂಡಸಿನ ಅಂಗೈ ಅಗಲ ಎಂಟೂವರೆ ಸೆಂಟಿಮೀಟರ್ ಆಸುಪಾಸು. ಆದ್ದರಿಂದ 10ರಿಂದ 11 ಸೆಂಟಿಮೀಟರ್ ಹಿಡಿ ಸಾಕು. ಮೇಲೆ ಹೇಳಿದ ಬಳೆಯ ಚಾಕುವಿನ 8ನೆಯ ನಂಬರಿನದಕ್ಕೆ ಅಲಗು ಎಂಟೂವರೆ, ಹಿಡಿ 11 ಸೆಂಟಿಮೀಟರ್ ಇದೆ. ಬಕ್ 110 ಮಡಚಿದಾಗ 12 ಸೆಂಟಿಮೀಟರಿಗೂ ಉದ್ದ, ತೂಕ ಸುಮಾರು 200 ಗ್ರಾಂ. ಚಡ್ಡಿಯ ಕಿಸೆಯಲ್ಲಿ ಅದನ್ನು ಹೊತ್ತು ದಿನವಿಡೀ ತೋಟ ತಿರುಗಲಾಗದು. ಎರಡೇ ಬೆರಳಿಗೆ ಸಾಲುವ ಪುಟ್ಟ ಹಿಡಿಯಲ್ಲಿ ಬಲ ಹಾಕಿ ಕತ್ತರಿಸಿದರೆ ಚಾಕು ಅಂಗೈಯಲ್ಲಿ ತಿರುಗುತ್ತದೆ.

ಹಿಡಿಯ ಅಡ್ಡ ಆಕಾರವನ್ನೂ ನೋಡಬೇಕು. ಪೂರ್ತಿ ಗುಂಡಾಗಿದ್ದರೆ ಬಾಯಿ ಯಾವ ಕಡೆಗಿದೆಯೆಂದು ಕೈಗೆ ತಿಳಿಯದು. ತೀರ ಚಪ್ಪಟೆಯಾಗಿದ್ದರೆ ಅಂಗೈಗೆ ಒತ್ತುತ್ತದೆ. ಮೊಟ್ಟೆಯಂತೆ ಉದ್ದುರುಟಾದದ್ದು ಉತ್ತಮ. ತೋರುಬೆರಳು ನಿಲ್ಲುವಲ್ಲಿ ಒಂದು ತಗ್ಗೋ ಮುಂದೊಂದು ಉಬ್ಬೋ ಇದ್ದರೆ ಕೈ ಅಲಗಿನ ಕಡೆಗೆ ಜಾರದು. ನಾಲ್ಕು ಬೆರಳಿಗೂ ಬೇರೆ ಬೇರೆ ತಗ್ಗು ಕೊರೆದವುಗಳನ್ನು ಮಾತ್ರ ತೆಗೆದುಕೊಳ್ಳಬೇಡಿರಿ. ಅವು ಯಾರೋ ಒಬ್ಬನ ಕೈಗೆ ಸರಿ, ಉಳಿದವರಿಗೆಲ್ಲ ಮುಳ್ಳು. ನುಣುಪಾದ ಉಕ್ಕಿನ ಹಿಡಿ, ಹೊಳೆಯುವ ಪ್ಲಾಸ್ಟಿಕ್ಕಿನ ಹಿಡಿ ಮಳೆಯಲ್ಲಿ ಸಾಬೂನಿನಂತೆ. ಗೀರು ಹಾಕಿದ ನೈಲಾನ್ ಇಲ್ಲವೇ ಹೊಳಪು ಕೊಡದ ಮರ ಒಳ್ಳೆಯದು. ನುಣುಪಾದ ಮರದ ಹಿಡಿ ಈಗಾಗಲೇ ಮನೆಯಲ್ಲಿದ್ದರೆ ಉಪ್ಪುಕಾಗದದಿಂದ ಮೇಲಿನ ವಾರ್ನಿಷ್ ತೆಗೆದುಬಿಡಿರಿ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಚಾಕು ಕೊಳ್ಳುವವರು ಗಂಡಸರು, ನರ್ಸರಿಯಲ್ಲಿ ಅದನ್ನು ಹೆಚ್ಚು ಬಳಸುವವರು ಹೆಂಗಸರು. ಅವರ ಕೈ ಸಣ್ಣದು. ಗಂಡಸಿನ ಕೈಗೆ ಆರಿಸಿದ ದಪ್ಪ ಹಿಡಿಯಲ್ಲಿ ಅವರ ಬೆರಳು ಸುತ್ತಿ ಬರುವುದಿಲ್ಲ, ಬಿಗಿಯಾದ ಸ್ಪ್ರಿಂಗನ್ನು ಉಗುರಿನಿಂದ ಎಳೆದು ಬಿಚ್ಚುವುದೇ ಕಷ್ಟ. ಯಾರು ಬಳಸುತ್ತಾರೋ ಅವರೇ ಮಳಿಗೆಗೆ ಬಂದು ಹಿಡಿದು ನೋಡಬೇಕು.

ಕಸಿ ಕಟ್ಟುವವರಿಗೆ ಲಾಕು ಬೇಕಾಗಿಯೇ ಇಲ್ಲ. ಜಾಯಿಕಾಯಿಗಾಗಲಿ, ಹಿಪ್ಪಲಿ ಬುಡಕ್ಕೆ ಕಾಳುಮೆಣಸು ಕೂಡಿಸುವುದಕ್ಕಾಗಲಿ ಬೇಕಾದದ್ದು ನೆಟ್ಟಗಿನ ಬಾಯಿ, ಒಂದೇ ಪಕ್ಕ ಮಸೆದ ಅಲಗು, ಹಗುರವಾದ ಹಿಡಿ. ಒಂದೇ ಪಕ್ಕ ಮಸೆದದ್ದರಲ್ಲಿ ಎಡಗೈಯವರಿಗೆ ಬೇರೆಯೇ ಬರುತ್ತದೆ, ಕೇಳಿ ಕೊಳ್ಳಬೇಕು. ಚಾಕು ಮಡಚುವ ಸೀಳಿನಲ್ಲಿ ಹಳೆಯ ಗಿಡದ ಸೊನೆ ನಿಂತು ರೋಗ ಮುಂದಿನ ಗಿಡಕ್ಕೆ ಹೋಗಬಹುದು. ಅಲಗನ್ನಷ್ಟೇ ಅಲ್ಲ, ಬುಡವನ್ನೂ ಸ್ಪಿರಿಟಿನಲ್ಲಿ ಒರೆಸಬೇಕು.

ಉಕ್ಕಿನ ವಿಚಾರ ಚಿಕ್ಕದು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಮಳೆಗಾಲಕ್ಕೆ ಅನುಕೂಲ. ಸಾದಾ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ, ಹಸಿ ಅಡಿಕೆಯ ಚೊಗರು ತಾಗಿ ಕಪ್ಪಾಗುತ್ತದೆ. ಕಪ್ಪಿನಿಂದ ಕೆಡುಕಿಲ್ಲ. ಮನೆಯಲ್ಲಿ ಸಾದಾ ಉಕ್ಕಿನದು ಒಂದಾದರೂ ಇರಲಿ ಎನ್ನುವುದಕ್ಕೆ ಬೇರೆ ಕಾರಣವುಂಟು: ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕೇ ಎಂದು ಅಲಗು ಅದ್ದಿ ನೋಡುತ್ತೇವಲ್ಲ, ತಾಮ್ರದ ಕೆಂಪು ಕೂರುವುದು ಸಾದಾ ಉಕ್ಕಿನ ಮೇಲೆ. ಸ್ಟೇನ್‌ಲೆಸ್ ಅಲಗು ಸುಣ್ಣ ಕಡಿಮೆಯಿದ್ದರೂ ಬೆಳ್ಳಗೇ ಹೊರಬಂದು ಮೋಸ ಮಾಡೀತು. ಪರೀಕ್ಷೆ ಮುಗಿದೊಡನೆ ತೊಳೆದು ಒರೆಸಿರಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ತೆಂಗಿನೆಣ್ಣೆ ಬೇಡ, ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಅಂಟಾಗಿ ಮಣ್ಣು ಹಿಡಿಯುತ್ತದೆ.

ಕಾನೂನಿನ ಒಂದು ಅಂಶವನ್ನು ನಮ್ಮ ಭಾಗದವರು ತಿಳಿದಿರಲೇಬೇಕು. ಅಣಶಿ 1987ರಿಂದ ರಾಷ್ಟ್ರೀಯ ಉದ್ಯಾನ; 2007ರಲ್ಲಿ ದಾಂಡೇಲಿಯೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದರ ಹೆಸರು ಕಾಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ “ಆಯುಧ” ಎಂಬ ಮಾತಿನೊಳಗೆ ಚಾಕುವೂ ಸೇರಿದೆ. ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯವನ್ನಾಗಲಿ ರಾಷ್ಟ್ರೀಯ ಉದ್ಯಾನವನ್ನಾಗಲಿ ಪ್ರವೇಶಿಸುವಂತಿಲ್ಲ. ಉದ್ದ ಎಷ್ಟೆಂಬ ಪ್ರಶ್ನೆ ಅಲ್ಲಿಲ್ಲ. ತೋಟದ ಕೆಲಸ ಮುಗಿಸಿ ಕಾಡಿನ ದಾರಿಯಲ್ಲಿ ಹೋಗುವಾಗ ಕಿಸೆಯಲ್ಲಿ ಮರೆತ ಚಾಕುವಿನಿಂದ ತೊಂದರೆ ತಂದುಕೊಳ್ಳಬಾರದು; ಮನೆಯಲ್ಲಿಯೇ ಬಿಟ್ಟು ಹೋಗಬೇಕು.

ಇಷ್ಟಾಗಿಯೂ ಬೆರಳು ಕೊಯ್ದರೆ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿರಿ. ಕಾಫಿಪುಡಿ, ಸುಣ್ಣ ತುಂಬಬೇಡಿರಿ. ರಕ್ತ ನಿಂತ ಮೇಲೆ ಪ್ರತಿಯೊಂದು ಬೆರಳಿನ ಪ್ರತಿಯೊಂದು ಗಂಟೂ ಮಡಚುತ್ತದೆಯೇ, ತುದಿಯಲ್ಲಿ ಸ್ಪರ್ಶ ತಿಳಿಯುತ್ತದೆಯೇ ನೋಡಿರಿ. ಒಂದು ಗಂಟು ಮಡಚದಿದ್ದರೂ, ಸ್ಪರ್ಶ ತಿಳಿಯದಿದ್ದರೂ, ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಆಳವಾದ ಗಾಯವಾದರೆ ಬೆರಳು ಮಡಚಿದರೂ ವೈದ್ಯರಿಗೆ ತೋರಿಸಿರಿ, ಧನುರ್ವಾಯುವಿನ ಚುಚ್ಚುಮದ್ದನ್ನು ಕೇಳಿರಿ.

ಸಂಘವು ಸದ್ಯಕ್ಕೆ ಸಾದಾ ಸ್ಪ್ರಿಂಗಿನದು, ಬೆನ್ನಿನ ಲಾಕಿನದು, ಬಳೆಯದು, ಹೀಗೆ ಮೂರು ಬಗೆಯ ಮಾದರಿಗಳನ್ನು ಕಚೇರಿಯಲ್ಲಿ ಇಟ್ಟಿದೆ. ಬೇಡಿಕೆ ನೋಡಿ ಮಳೆಗಾಲಕ್ಕೆ ಮೊದಲು ತರಿಸಲಾಗುವುದು. ಸದಸ್ಯರು ಮನೆಯ ಹೆಂಗಸರೊಡನೆ ಬಂದು ಹಿಡಿದು ನೋಡಿ ಹೆಸರು ಬರೆಯಿಸಬೇಕು. ಕೈ ಒದ್ದೆ ಮಾಡಿಕೊಂಡು ನೋಡುವುದಕ್ಕೆ ಜಗುಲಿಯ ಮೇಲೆ ನೀರಿನ ಬಕೆಟ್ ಇಡಲಾಗಿದೆ.