ಒಂದು ಕೊಂಡಿಯ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ಕೊಪ್ಪಳ ಜಿಲ್ಲೆಯ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಹೋಯಿತು, ತುಂಬಿದ ಜಲಾಶಯದ ನೀರು ಹೊಳೆಗೆ ನುಗ್ಗಿತು. ಎಡದಂಡೆ ಕಾಲುವೆ ನಂಬಿ ಭತ್ತ ಬೆಳೆಯುವ ಗಂಗಾವತಿ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಐದು ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿದರು.

ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಮೇಲಂಚಿನವರೆಗೆ ನೀರು ನಿಂತರೆ ಅದರ ಮೇಲೆ ಬೀಳುವ ಒತ್ತು ಸುಮಾರು 340 ಟನ್. ಅಷ್ಟನ್ನೂ ಅಕ್ಕಪಕ್ಕದ ಕಂಬಗಳು ತಡೆಯುತ್ತವೆ. ಚೈನಿನ ಪಾಲಿಗೆ ಬರುವುದು ಗೇಟಿನ ತೂಕ, ಎತ್ತಿಳಿಸುವಾಗಿನ ತಿಕ್ಕಾಟ. ಆದರೆ ಚೈನ್ ಎಂದರೆ ಜೋಡಣೆಗಳ ಸಾಲು. ಅದರ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ.

ಯಂತ್ರವಾಗಲಿ ಸೇತುವೆಯಾಗಲಿ, ಸಾಮಾನ್ಯವಾಗಿ ಮೊದಲು ಸೋಲುವುದು ಜೋಡಣೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಲಿಗೆ ಬೆಸುಗೆ ಹಾಕುವುದನ್ನು ನೋಡಿ. ಕಿಡಿ ಹಾರುವ ಜಾಗದಲ್ಲಿ ಉಕ್ಕು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ನಾಲ್ಕು ಬೆರಳು ಆಚೆ ತಣ್ಣಗಿರುತ್ತದೆ. ಕರಗಿದ್ದು ಆರುತ್ತ ಕುಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಲೋಹ ಬಿಡುವುದಿಲ್ಲ. ಆ ಜಗ್ಗಾಟ ಬೆಸುಗೆಯೊಳಗೇ ಉಳಿದುಬಿಡುತ್ತದೆ. ಹೊರೆ ಹೇರುವ ಮೊದಲೇ ಅಲ್ಲಿ ಎಳೆತವಿರುತ್ತದೆ. ಪಕ್ಕದ ಉಕ್ಕು ಬೇಗ ಆರಿದರೆ ಗಡುಸಾಗಿ ಬಿರಿಯುವ ಗುಣ ಪಡೆಯುತ್ತದೆ. 1943ರ ಜನವರಿಯಲ್ಲಿ ಅಮೆರಿಕದ ಸ್ಕೆನೆಕ್ಟಡಿ ಎಂಬ ಬೆಸುಗೆಯ ಹಡಗು ಬಂದರಿನಲ್ಲಿ ನಿಂತಲ್ಲೇ ಎರಡು ಹೋಳಾಯಿತು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ನಿಲ್ಲಬಹುದು, ಬೆಸುಗೆ ಹಾಕಿದ ಹಡಗಿನಲ್ಲಿ ಅದಕ್ಕೆ ತಡೆಯಿಲ್ಲ.

ಹೊರಗೆ ನುಣುಪಾಗಿ ಕಂಡ ಮಾತ್ರಕ್ಕೆ ಬೆಸುಗೆ ಗಟ್ಟಿಯಲ್ಲ. ಮಾದರಿ ತುಂಡನ್ನು ಯಂತ್ರದಲ್ಲಿ ಹರಿಯುವವರೆಗೆ ಎಳೆದರೆ ಬಲ ತಿಳಿಯುತ್ತದೆ. ಬಣ್ಣದ ದ್ರವ ಹಚ್ಚಿದರೆ ಮೇಲ್ಮೈಯ ಬಿರುಕು ಕಾಣುತ್ತದೆ. ಒಳಗಿನ ಪೊಳ್ಳನ್ನು ಶ್ರವಣಾತೀತ ತರಂಗ ಅಥವಾ ಎಕ್ಸ್‌ರೇ ತೋರಿಸುತ್ತದೆ. ಆದರೂ ಯಾವ ಪರೀಕ್ಷೆಯೂ ನಾಳಿನ ಹೊರೆಯನ್ನು ಇವತ್ತೇ ಹೇರಿ ತೋರಿಸಲಾರದು. ಅಲ್ಲಿ ಕಂಪ್ಯೂಟರಿನ ಸಂಖ್ಯಾತ್ಮಕ ಮಾದರಿ ಬೇಕು. ಕೊಂಡಿಯನ್ನು ಸಾವಿರಾರು ಚಿಕ್ಕ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿಗೂ ಶಾಖ, ಎಳೆತ, ಬಾಗುಗಳ ಸಮೀಕರಣ ಬಿಡಿಸಿ, ಬಲವೆಲ್ಲ ಯಾವ ಮೂಲೆಗೆ ಒತ್ತರಿಸಿ ನಿಲ್ಲುತ್ತದೆಂದು ಅದು ತೋರಿಸುತ್ತದೆ. ಅಲ್ಲೇ ತಪಾಸಣೆಯ ಕಣ್ಣಿಡಬಹುದು.

ಮಾದರಿಯ ಉತ್ತರ ನಾವು ಕೊಟ್ಟ ಅಳತೆಯಷ್ಟೇ ನಿಜ. ಕೊಂಡಿಯ ಸರಳಿನ ವ್ಯಾಸದಲ್ಲಿ ಹತ್ತನೇ ಒಂದು ಭಾಗವನ್ನು ತುಕ್ಕು ತಿಂದರೆ, ಹೊರೆ ಹೊರುವ ಅಡ್ಡಕೊಯ್ತ ಶೇ. 19ರಷ್ಟು ಕುಗ್ಗುತ್ತದೆ. ಅದೇ ಹೊರೆಗೆ ಲೋಹದ ಮೇಲಿನ ಒತ್ತಡ ಶೇ. 23ರಷ್ಟು ಏರುತ್ತದೆ. ಅಣೆಕಟ್ಟು ನೀರು ಕೊಡಲು ತೊಡಗಿದ್ದು 1953ರಲ್ಲಿ. ಅಂದಿನ ನಕ್ಷೆಯ ದಪ್ಪವನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಹೇಳುವುದು ಅಂದಿನ ಕ್ಷೇಮ ಸಮಾಚಾರ.

19ನೇ ಗೇಟು ಕೊಚ್ಚಿಹೋದ ಬಳಿಕ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಹೊಸ ಗೇಟಿನ ಪ್ರತಿ ಬೆಸುಗೆಗೂ, ಪ್ರತಿ ಕೊಂಡಿಗೂ ಒಂದು ದಾಖಲೆ ಇರಲಿ. ವರ್ಷ ವರ್ಷ ಅಳೆದ ದಪ್ಪ ಅದರಲ್ಲಿ ಸೇರುತ್ತಾ ಹೋಗಲಿ. ಮಳೆಗಾಲಕ್ಕೆ ಮುಂಚೆ ಆ ಅಳತೆಯಿಂದಲೇ ಲೆಕ್ಕ ಮತ್ತೆ ನಡೆಯಲಿ. ಗಂಗಾವತಿಯ ಗದ್ದೆಗೆ ಹರಿಯುವ ನೀರು ಆ ಲೆಕ್ಕದ ಮೇಲೆ ನಿಂತಿದೆ.