ಹೆಸರಿಗೆಷ್ಟು, ಸರಕಿಗೆಷ್ಟು?

ತಿಂಗಳ ಮೊದಲನೆಯ ವಾರವೆಂದರೆ ಮುಂಬಯಿಯ ದುಡಿಯುವ ಕನ್ನಡಿಗನಿಗೆ ಲೆಕ್ಕದ ವಾರ. ಊರಿನಲ್ಲಿರುವ ಹಿರಿಯರಿಗೆ ಕಳುಹಿಸಬೇಕಾದುದು, ಖೋಲಿಯ ಬಾಡಿಗೆ, ರೈಲಿನ ಪಾಸು, ಮಕ್ಕಳಿದ್ದರೆ ಅವರ ಶಾಲೆಯ ಫೀಸು, ಇವಿಷ್ಟೂ ಹೋದ ಮೇಲೆ ಉಳಿಯುವ ಹಣ ಎಲ್ಲರಿಗೂ ತಿಳಿದದ್ದೇ. ಬಾಡಿಗೆಯನ್ನು ನಾವು ಇಳಿಸಲಾರೆವು. ಪಾಸಿನ ದರ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಯಲ್ಲಿರುವುದು ಅಕ್ಕಿ, ಬೇಳೆ, ಎಣ್ಣೆ, ಸಾಬೂನುಗಳ ಲೆಕ್ಕ ಒಂದೇ. ಆದುದರಿಂದ ಇಂದು ಆ ಲೆಕ್ಕದ ಪುಸ್ತಕವನ್ನೇ ವಾಚಕರ ಮುಂದೆ ಬಿಡಿಸಬೇಕೆಂದಿದ್ದೇವೆ.

ಕೆಲವು ದಿನಗಳ ಹಿಂದೆ ನಾಲಾಸೋಪಾರಾದ ಚಾಳೊಂದರ ಖೋಲಿಗೆ ನಾವು ಹೋಗಿದ್ದೆವು. ಅಲ್ಲಿ ಆರು ಮಂದಿ ನಮ್ಮವರು ಕೂಡಿ ವಾಸಿಸುತ್ತಾರೆ. ಮೂವರು ಹೋಟೆಲಿನವರು, ಮೂವರು ಗುಮಾಸ್ತರು. ಹೋಟೆಲು ಮುಚ್ಚಿ ರಾತ್ರಿಯ ಗಾಡಿಯಲ್ಲಿ ಬಂದವರ ಊಟ ಮುಗಿಯುವಾಗ ಹನ್ನೆರಡು ದಾಟಿತ್ತು. ಗುಮಾಸ್ತರಲ್ಲಿ ಕಿರಿಯರೊಬ್ಬರು ಮೊಬೈಲಿನಲ್ಲಿ ತರಿಸಿದ ಸಾಮಾನಿನ ಚೀಲವನ್ನು ನಮ್ಮೆದುರು ಬಿಚ್ಚಿದರು. ಅದರಲ್ಲಿದ್ದ ಉದ್ದಿನ ಬೇಳೆ, ಸಾಬೂನು, ಬಟ್ಟೆ ಒಗೆಯುವ ಪುಡಿ ಯಾವುದರ ಮೇಲೂ ನಾವು ಜಾಹೀರಾತಿನಲ್ಲಿ ಕೇಳಿದ ಹೆಸರಿರಲಿಲ್ಲ. ಮಾರಿದ ಅಂಗಡಿಯದೇ ಹೆಸರಿತ್ತು. “ಬೆಲೆಯೇನೋ ಕಡಮೆ ಸ್ವಾಮೀ, ಆದರೆ ಇದು ನಂಬುವ ಮಾಲೇ?” ಎಂಬುದು ಅವರ ಪ್ರಶ್ನೆ. ನಾವು ಉತ್ತರಿಸುವ ಮೊದಲೇ, ಮೂವತ್ತು ವರ್ಷ ದೋಸೆಯ ಕಾವಲಿಯ ಮುಂದೆ ನಿಂತ ಭಟ್ಟರು ಬೇಳೆಯನ್ನು ಅಂಗೈಗೆ ಸುರಿದು, ಬೆರಳಿನಿಂದ ಆಡಿಸಿ, ಎರಡು ಕಾಳು ಹಲ್ಲಿಗಿಟ್ಟು ನೋಡಿ ನಕ್ಕರು. “ಹೆಸರು ನೋಡಿ ಉದ್ದು ಒದಗುವುದುಂಟೇ ಮಾರಾಯ್ರೇ? ನಾಳೆ ನೆನೆಹಾಕಿ ಅರೆದರೆ ಗೊತ್ತಾಗುತ್ತದೆ.”

ಭಟ್ಟರ ಈ ಮಾತಿನಲ್ಲಿ ಇಡೀ ವಿಷಯದ ತಿರುಳು ಅಡಗಿದೆ.

ಹೊಸ ಹೆಸರಿನ ಹಳೆಯ ವ್ಯಾಪಾರ

ಆನ್‌ಲೈನ್ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಸರಕು ಮಾರುವುದು ಈಗ ಸಾಮಾನ್ಯವಾಗಿದೆ. 2011ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 2021ರಲ್ಲಿ ಟಾಟಾ ಸಂಸ್ಥೆಯ ಕೈಸೇರಿದ ಬಿಗ್‌ಬಾಸ್ಕೆಟ್‌ನಲ್ಲಿ ಬಿಬಿ ರಾಯಲ್, ಬಿಬಿ ಪಾಪ್ಯುಲರ್ ಎಂಬ ಹೆಸರುಗಳಿವೆ. ಅಮೆಜಾನ್‌ನವರು ವೇದಕ, ಸೊಲಿಮೊ ಎಂಬ ಹೆಸರುಗಳನ್ನು ತಂದರು. ರಿಲಯನ್ಸ್‌ನವರ ಜಿಯೋಮಾರ್ಟ್‌ನಲ್ಲಿ ಗುಡ್ ಲೈಫ್ ಸಿಗುತ್ತದೆ. ಈ ಅಂಗಡಿಗಳವರು ಸ್ವತಃ ಬೇಳೆ ಒಡೆಯುವುದಿಲ್ಲ, ಸಾಬೂನು ಕಾಯಿಸುವುದಿಲ್ಲ. ಬಹುತೇಕ ಸರಕನ್ನು ಬೇರೆ ಗಿರಣಿ, ಬೇರೆ ಕಾರಖಾನೆಗಳಲ್ಲಿ ಮಾಡಿಸಿ ತಮ್ಮ ಹೆಸರಿನ ಪೊಟ್ಟಣದಲ್ಲಿ ಕಟ್ಟಿಸುತ್ತಾರೆ.

ಇದನ್ನು ಕಂಡು ಬೆರಗಾಗಬೇಕಾದುದೇನೂ ಇಲ್ಲ. 1925ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಗಾಟ್ಲೀಬ್ ಡುಟ್‌ವೈಲರ್ ಎಂಬ ವರ್ತಕನು ಐದು ಮೋಟಾರು ಗಾಡಿಗಳಲ್ಲಿ ಕಾಫಿ, ಅಕ್ಕಿ, ಸಕ್ಕರೆ, ಶಾವಿಗೆ ಜಾತಿಯ ಹಿಟ್ಟಿನ ತಿನಿಸು, ತೆಂಗಿನ ಕೊಬ್ಬು, ಸಾಬೂನು ಎಂಬ ಆರೇ ಪದಾರ್ಥಗಳನ್ನು ಹೇರಿಕೊಂಡು ಬೀದಿ ಬೀದಿಯಲ್ಲಿ ಅಗ್ಗವಾಗಿ ಮಾರತೊಡಗಿದನು. ಅವನ ವ್ಯಾಪಾರದ ಹೆಸರು ಮಿಗ್ರೋಸ್. ಹೆಸರುವಾಸಿ ತಯಾರಕರು ಅವನಿಗೆ ಸರಕು ಕೊಡಲು ನಿರಾಕರಿಸಿದಾಗ ತಾನೇ ತಯಾರಿಕೆಗೆ ಇಳಿದು ತನ್ನದೇ ಹೆಸರಿನಲ್ಲಿ ಮಾರಿದನು. ಅಂಗಡಿಯ ಸ್ವಂತ ಹೆಸರೆಂಬುದು ಅಲ್ಲಿ ಬಡವನ ಬುಟ್ಟಿಯನ್ನು ಹಗುರಮಾಡುವ ಹಟದಿಂದ ಬೆಳೆಯಿತು.

ನಮ್ಮ ಮುಂಬಯಿಯೂ ಈ ಪಾಠವನ್ನು ಮೊದಲೇ ಓದಿದೆ. 1948ರಲ್ಲಿ ನಾಯಗಾಂವ್‌ನ ಗಿರಣಿ ಕಾರ್ಮಿಕರು ಕೂಡಿ ಕಟ್ಟಿದ ಸಹಕಾರಿ ಅಂಗಡಿಯೇ ಮುಂದೆ ಅಪ್ನಾ ಬಝಾರ್ ಎಂದು ಬೆಳೆಯಿತು. 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತಿನ ಸದಸ್ಯರು ನೆರೆಹೊರೆಯ ಗುಂಪುಗಳಾಗಿ ಸೇರಿ, ತಿಂಗಳ ಸಾಮಾನನ್ನು ಸಗಟಿನಲ್ಲಿ ತರಿಸಿ ತಮ್ಮೊಳಗೆ ಹಂಚಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಅಷ್ಟೇಕೆ, ನಮ್ಮ ಉಡುಪಿ ಹೋಟೆಲುಗಳನ್ನೇ ನೋಡಿರಿ. ಸಾಂಬಾರಿನ ಬೇಳೆ ಯಾವ ಹೆಸರಿನದೆಂದು ಗಿರಾಕಿ ಎಂದಾದರೂ ಕೇಳಿದ್ದುಂಟೇ? ಧಣಿಗಳು ಮೂಟೆಯಿಂದ ಮಾದರಿ ತೆಗೆದು ನೋಡಿ ಕೊಳ್ಳುತ್ತಾರೆ. ಹೆಸರಿಗೆ ಕಾಸು ಕೊಡುವುದಿಲ್ಲ. ದಿನವಿಡೀ ಹೋಟೆಲಿನಲ್ಲಿ ಸರಕನ್ನು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸುವ ನಮ್ಮ ಬಂಧುಗಳು ಖೋಲಿಗೆ ಬಂದೊಡನೆ ಜಾಹೀರಾತಿನ ಮಾತಿಗೆ ಮರುಳಾಗುವುದು ಮಾತ್ರ ನಮಗೆ ಸೋಜಿಗವೆನಿಸುತ್ತದೆ.

ಅಗ್ಗವೇಕೆ?

ಹೆಸರುವಾಸಿ ಸಾಬೂನಿನ ಬೆಲೆಯಲ್ಲಿ ಸಾಬೂನಿನ ಖರ್ಚು ಒಂದು ಭಾಗ. ಜಾಹೀರಾತು, ಅದರಲ್ಲಿ ನಟಿಸುವವರ ಸಂಭಾವನೆ, ಸಗಟು ವರ್ತಕನ ಲಾಭ, ಬಿಡಿ ವರ್ತಕನ ಲಾಭ ಇವೆಲ್ಲವೂ ಅದರೊಳಗೆ ಸೇರಿರುತ್ತವೆ. ಅಂಗಡಿಯು ತಾನೇ ಮಾಡಿಸಿ ತಾನೇ ಮಾರಿದಾಗ ಇವುಗಳಲ್ಲಿ ಕೆಲವು ಕಳಚುತ್ತವೆ. ಕಳಚಿದ್ದರಲ್ಲಿ ಒಂದು ಪಾಲು ಅಂಗಡಿಯವನಿಗೆ, ಒಂದು ಪಾಲು ನಮಗೆ.

ಆದುದರಿಂದ ಎಲ್ಲ ಸರಕಿನಲ್ಲಿಯೂ ಉಳಿತಾಯ ಸಮನಾಗಿರದು. ಜಾಹೀರಾತಿನ ಅಬ್ಬರ ಹೆಚ್ಚಾಗಿರುವ ಸಾಬೂನು, ಹಲ್ಲುಜ್ಜುವ ಪೇಸ್ಟು, ಬಟ್ಟೆಯ ಪುಡಿ, ನೆಲ ಒರಸುವ ದ್ರಾವಣಗಳಲ್ಲಿ ಅಂಗಡಿಯ ಹೆಸರಿನ ಮಾಲು ಹೆಚ್ಚು ಉಳಿಸಬಲ್ಲುದು. ಅಕ್ಕಿ ಬೇಳೆಗಳ ಮಾತು ಬೇರೆ. ಅಲ್ಲಿ ಹೆಸರಿನ ಭಾರ ಮೊದಲೇ ಕಡಮೆ. ಮೇಲಾಗಿ 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣದ ಧಾನ್ಯ, ಬೇಳೆ, ಹಿಟ್ಟುಗಳಿಗೆ ಶೇ. 5ರ ಜಿ.ಎಸ್.ಟಿ. ಬಂದಿತು. ಮೂಟೆಯಿಂದ ಅಳೆದು ಕೊಡುವ ಬಿಡಿ ಧಾನ್ಯಕ್ಕೆ ಆ ತೆರಿಗೆ ಇಲ್ಲ. 30 ಕಿಲೋದ ಇಡೀ ಮೂಟೆಗೂ ಇಲ್ಲ. ಆರು ಮಂದಿಯ ಖೋಲಿಗೆ ಮೂಟೆ ಅಕ್ಕಿ ತರುವುದು ಹಿಂದಿನವರ ರೂಢಿಯಾಗಿತ್ತು. ಅದು ಇಂದಿಗೂ ಜಾಣತನವೇ ಸರಿ.

ಕೊಳ್ಳುವವನ ತಕ್ಕಡಿ

‘ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅಂಗಡಿಯ ಹೆಸರಿದ್ದ ಮಾತ್ರಕ್ಕೆ ಸರಕು ಅಗ್ಗವೂ ಅಲ್ಲ, ಒಳ್ಳೆಯದೂ ಅಲ್ಲ. ಅದನ್ನು ತೂಗುವ ಸಾಧನಗಳು ಪೊಟ್ಟಣದ ಮೇಲೆಯೇ ಇವೆ.

ಮೊದಲನೆಯದು ಬಿಡಿಯಳತೆಯ ಬೆಲೆ. ತೂಕ ಮತ್ತು ಅಳತೆಯ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯು, ಒಂದು ಕಿಲೋಗಿಂತ ಕಡಮೆ ತೂಕದ ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟೆಂದೂ, ಹೆಚ್ಚಿನ ತೂಕದ್ದರ ಮೇಲೆ ಕಿಲೋಗೆ ಎಷ್ಟೆಂದೂ ಮುದ್ರಿಸಬೇಕೆಂದು ವಿಧಿಸಿತು. 180 ಗ್ರಾಮಿನ ಪೊಟ್ಟಣವನ್ನು 200ರದ್ದೆಂದು ಭ್ರಮಿಸಿ ಕೊಳ್ಳುವವರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಎಚ್ಚರಿಕೆ: ಹಾಗೆ ಮುದ್ರಿಸಿದ ದರವು ಪೊಟ್ಟಣದ ಗರಿಷ್ಠ ಬೆಲೆಯನ್ನು ಅನುಸರಿಸಿದ್ದು. ಮೊಬೈಲಿನಲ್ಲಿ ರಿಯಾಯತಿ ತೋರಿಸಿದಾಗ ನಾವು ಕೊಡುವ ಹಣವನ್ನು ತೂಕದಿಂದ ಭಾಗಿಸಿ ನೋಡುವುದೇ ಕ್ಷೇಮ. ಅಡುಗೆ ಎಣ್ಣೆಯಲ್ಲಿ ಒಂದು ಲೀಟರು ಎಂದರೆ ಸುಮಾರು 910 ಗ್ರಾಮು ಎಂಬುದನ್ನೂ ಮರೆಯಬಾರದು. ಲೀಟರಿನ ಬೆಲೆಯನ್ನು ಕಿಲೋದ ಬೆಲೆಯೊಡನೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಎರಡನೆಯದು ಒಳಗಿನ ಸತ್ತ್ವ. ಸ್ನಾನದ ಸಾಬೂನಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಅಂಕಿಯಿರುತ್ತದೆ, ಸಾಬೂನಿನಲ್ಲಿರುವ ಕೊಬ್ಬಿನಂಶದ ಪ್ರಮಾಣ ಅದು. ಭಾರತೀಯ ಮಾನಕದಂತೆ ಒಂದನೆಯ ದರ್ಜೆಗೆ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಉದಾಹರಣೆಗೆ, 125 ಗ್ರಾಮಿನ ಹೆಸರುವಾಸಿ ಸಾಬೂನಿಗೆ 45 ರೂ., ಅಂಗಡಿಯ ಹೆಸರಿನ 400 ಗ್ರಾಮಿಗೆ 100 ರೂ. ಎಂದಿಟ್ಟುಕೊಳ್ಳೋಣ. ಗ್ರಾಮಿಗೆ 36 ಪೈಸೆ ಒಂದು, 25 ಪೈಸೆ ಇನ್ನೊಂದು. ವ್ಯತ್ಯಾಸ ದೊಡ್ಡದೆಂದೇ ತೋರುತ್ತದೆ. ಆದರೆ ಮೊದಲನೆಯದರ ಟಿ.ಎಫ್.ಎಂ. 76, ಎರಡನೆಯದರದು 60 ಆಗಿದ್ದರೆ, ಒಂದು ಗ್ರಾಮು ಕೊಬ್ಬಿನಂಶಕ್ಕೆ ನಾವು ತೆರುವುದು ಒಂದರಲ್ಲಿ ಸುಮಾರು 47 ಪೈಸೆ, ಇನ್ನೊಂದರಲ್ಲಿ 42. ಉಳಿತಾಯ ಇದೆ, ಆದರೆ ತೋರಿದಷ್ಟಿಲ್ಲ. ಕಾಫಿಪುಡಿಯಲ್ಲಿಯೂ ಇದೇ ನ್ಯಾಯ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕೆ ಕಡಮೆಯಿರಬಾರದೆಂದು ನಿಯಮವಿದ್ದು, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಬೇಕು. ಅದನ್ನೋದದೆ ಬೆಲೆಯನ್ನು ಮಾತ್ರ ನೋಡಿದವನು ಕಾಫಿಯ ಹಣ ಕೊಟ್ಟು ಚಿಕೋರಿ ಕುಡಿಯುತ್ತಾನೆ.

ಮೂರನೆಯದು ಮಾಡಿದವನ ಹೆಸರು. ಮಾರುವವನು ಯಾರೇ ಆಗಲಿ, ಪೊಟ್ಟಣದ ಹಿಂಬದಿಯಲ್ಲಿ ತಯಾರಿಸಿದವನ ಅಥವಾ ಕಟ್ಟಿದವನ ಹೆಸರು, ವಿಳಾಸ, ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇರಬೇಕು. ಸರಕು ಕೆಟ್ಟು ಬಂದರೆ ಪೊಟ್ಟಣದ ಚಿತ್ರ ತೆಗೆದಿಟ್ಟು ಅಂಗಡಿಗೆ ತಿಳಿಸಬೇಕು. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಉಳಿದದ್ದು ಸೋರುವ ದಾರಿಗಳು

ಉಳಿಸಿದ ಹಣ ಸೋರುವುದಕ್ಕೆ ದಾರಿಗಳು ಹಲವು. ಆರು ಮಂದಿ ಆರು ಸಲ 150 ರೂಪಾಯಿಗಳ ಸಾಮಾನು ತರಿಸಿ, ಪ್ರತಿ ಸಲವೂ ಡೆಲಿವರಿ ಚಾರ್ಜೆಂದು 25 ರೂ. ಕೊಟ್ಟರೆ 150 ರೂ. ಹೋಯಿತು, ಆರೂ ಜನರ ಪಟ್ಟಿಯನ್ನು ಒಂದೇ ಮಾಡಿ 900ಕ್ಕೆ ತರಿಸಿದರೆ ಅದು ಒಂದೇ ಸಲ, ಕೆಲವೊಮ್ಮೆ ಅದೂ ಇಲ್ಲ. ‘ಇನ್ನು 80 ರೂಪಾಯಿ ಸೇರಿಸಿದರೆ ಡೆಲಿವರಿ ಉಚಿತ’ ಎಂಬ ಮಾತಿಗೆ ಸೋತು ಬೇಡವಾದ ಬಿಸ್ಕತ್ತು ಕೊಂಡವರು ನಮ್ಮಲ್ಲಿ ಕಡಮೆಯಿಲ್ಲ. ನಾವೂ ಆ ಪೈಕಿಯವರೇ ಎಂದು ಒಪ್ಪಿಕೊಳ್ಳುತ್ತೇವೆ.

ಇನ್ನೊಂದು ವಿಚಾರ. ಮೊಬೈಲಿನ ಪರದೆಯಲ್ಲಿ ಮೊದಲು ಕಾಣುವುದೇ ಮೇಲಾದುದೆಂದು ತಿಳಿಯಲಾಗದು. ಅಮೆಜಾನ್ ಸಂಸ್ಥೆಯು ಭಾರತದಲ್ಲಿ ಇತರರ ಸರಕನ್ನು ಅನುಕರಿಸಿ ತನ್ನ ಹೆಸರಿನ ಸರಕನ್ನು ಪಟ್ಟಿಯಲ್ಲಿ ಮುಂದೆ ತಂದಿತೆಂದು 2021ರಲ್ಲಿ ರಾಯಿಟರ್ಸ್ ವಾರ್ತಾಸಂಸ್ಥೆ ವರದಿ ಮಾಡಿತು. ಸಂಸ್ಥೆಯು ಆ ಆರೋಪವನ್ನು ಅಲ್ಲಗಳೆಯಿತು. ನ್ಯಾಯಾನ್ಯಾಯಗಳ ತೀರ್ಮಾನ ನಮ್ಮದಲ್ಲ. ಅಂಗಡಿಯೇ ತನ್ನ ಮಾಲನ್ನು ಜೋಡಿಸುವಾಗ ಕೊಳ್ಳುವವನು ಕೆಳಗಿನ ಸಾಲುಗಳನ್ನೂ ನೋಡಬೇಕೆಂಬುದು ಮಾತ್ರ ನಮ್ಮ ವಿನಂತಿ.

ಉದ್ರಿಯ ಋಣ

ಆ ರಾತ್ರಿ ನಮ್ಮ ಮನಸ್ಸಿಗೆ ನಾಟಿದ ಮಾತು ಬೇರೊಂದು. ಖೋಲಿಯವರಲ್ಲಿ ಸಪ್ಲೈಯರ್ ಕೆಲಸ ಮಾಡುವ ಒಬ್ಬರು ತಮ್ಮ ಪೆಟ್ಟಿಗೆಯಿಂದ ಹಳೆಯದೊಂದು ಚೀಟಿ ಪುಸ್ತಕ ತೆಗೆದು ತೋರಿಸಿದರು. ಅದು ಚಾಳಿನ ಮೂಲೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. 2020ರ ಮಾರ್ಚಿನಲ್ಲಿ ಹೋಟೆಲುಗಳು ಮುಚ್ಚಿದವು. ಮಹಾರಾಷ್ಟ್ರದಲ್ಲಿ ಕುಳಿತು ಉಣ್ಣುವ ಗಿರಾಕಿಗಳಿಗೆ ಅವು ಮತ್ತೆ ತೆರೆದದ್ದು ಅಕ್ಟೋಬರ್ 5ರಂದು. ಆ ತಿಂಗಳುಗಳಲ್ಲಿ ಸಂಬಳವಿಲ್ಲದೆ ಉಳಿದ ಇವರಿಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟವನು ಆ ವಾಣಿ. “ಕೊನೆಯ ರೂಪಾಯಿ ತೀರಿಸಿದ್ದು ಮರುವರ್ಷ. ಅವರು ಒಂದು ದಿನವೂ ಕೇಳಲಿಲ್ಲ. ಈಗ ಮೊಬೈಲಿನ ಚೀಲ ಹಿಡಿದುಕೊಂಡು ಅವರ ಅಂಗಡಿಯ ಮುಂದೆ ಹಾದುಬರುವಾಗ ತಲೆ ತಗ್ಗಿಸಿ ಬರುತ್ತೇನೆ” ಎಂದರು.

ಮಿತವ್ಯಯವೆಂಬುದು ಕೃತಜ್ಞತೆಯನ್ನು ಮಾರಿ ಮಾಡುವ ಉಳಿತಾಯವಾಗಬಾರದು. ಹಣವಿದ್ದಾಗ ಮೊಬೈಲು, ಹಣವಿಲ್ಲದಾಗ ವಾಣಿ ಎಂಬ ನೀತಿ ಮನುಷ್ಯರಿಗೆ ಒಪ್ಪುವಂಥದಲ್ಲ. ಸಂತೋಷದ ವಿಷಯವೆಂದರೆ ಇಲ್ಲಿ ಲೆಕ್ಕವೂ ಧರ್ಮವೂ ಒಂದೇ ದಾರಿಯನ್ನು ತೋರಿಸುತ್ತವೆ. ಬಿಡಿ ಧಾನ್ಯದಲ್ಲಿ ಹೆಸರಿನ ಭಾರವಿಲ್ಲ, ಪೊಟ್ಟಣದ ತೆರಿಗೆಯಿಲ್ಲ. ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಆದುದರಿಂದ ಅಕ್ಕಿ, ಬೇಳೆ, ಮೆಣಸು, ಬೆಲ್ಲ ವಾಣಿಯಲ್ಲಿರಲಿ. ಸಾಬೂನು, ಪೇಸ್ಟು, ಬಟ್ಟೆಯ ಪುಡಿಗಳಂಥವನ್ನು ತಿಂಗಳಿಗೊಮ್ಮೆ ಎಲ್ಲರೂ ಕೂಡಿ, ಅಂಗಡಿಯ ಹೆಸರಿನದನ್ನು ಪರೀಕ್ಷಿಸಿ ತರಿಸಬಹುದು. ಹೊಸದನ್ನು ಮೊದಲು ಚಿಕ್ಕ ಪೊಟ್ಟಣದಲ್ಲಿ ತಂದು ನೋಡಿ, ಒಪ್ಪಿದರೆ ದೊಡ್ಡದು. ಒಪ್ಪದಿದ್ದರೆ ಹಳೆಯದಕ್ಕೆ ಮರಳಲು ನಾಚಿಕೆಯೇಕೆ?

ಖೋಲಿಯ ಆರು ಮಂದಿ ಹಾಗೆಯೇ ನಿಶ್ಚಯಿಸಿದರು. ತಲೆಗೆ ತಿಂಗಳಿಗೆ 150 ರೂ. ಉಳಿದರೂ ವರ್ಷಕ್ಕೆ 1,800 ಆಯಿತು. ಸಿರಿವಂತನಿಗೆ ಅದೊಂದು ಸಂಜೆಯ ಊಟ. ನಮ್ಮವನಿಗೆ ಊರಿಗೆ ಹೋಗುವ ದಾರಿಖರ್ಚು.

ಮರುವಾರ ನಾವು ಫೋನು ಮಾಡಿದಾಗ ಭಟ್ಟರೇ ಎತ್ತಿದರು. ಆ ಉದ್ದು ಹೇಗಾಯಿತೆಂದು ಕೇಳಿದೆವು. “ಒದಗಿತು, ಆದರೆ ವಾಣಿಯ ಗೋಟ ಉದ್ದಿನಷ್ಟಿಲ್ಲ. ಸಾಬೂನು ಮಾತ್ರ ಅಡ್ಡಿಯಿಲ್ಲ” ಎಂದರು. ಪರೀಕ್ಷಿಸಿ ಆಡಿದ ಆ ಎರಡು ಮಾತಿಗಿಂತ ಹೆಚ್ಚಿನ ಪ್ರಮಾಣಪತ್ರ ಯಾವ ಪೊಟ್ಟಣದ ಮೇಲೂ ಇರಲಾರದು.